ರೋಗನಿವಾರಣೆಯಲ್ಲಿ ಕಾರ್ಯವಿಭಾಗ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಒಂದು ಅಧ್ಯಾಯವುಂಟು. ಪಾಂಚಾಲದೇಶದ ಕಾಂಪಿಲ್ಯದ ಬಳಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನನ್ನು ಶಿಷ್ಯನಾದ ಅಗ್ನಿವೇಶನು ಅಲ್ಲಿ ಒಂದು ಸಂಶಯವನ್ನು ಕೇಳುತ್ತಾನೆ. ಮನುಷ್ಯರ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆಬೇರೆಯಾಗಿರುವಾಗ, ಒಂದೇ ವ್ಯಾಧಿಯು ಒಂದೇ ಕಾಲದಲ್ಲಿ ಇಡೀ ನಾಡನ್ನು ಹಾಳುಮಾಡುವುದು ಹೇಗೆ ಎಂಬುದೇ ಆ ಸಂಶಯ. ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದುವು. ಇವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ ಎಂಬುದು ಗುರುವಿನ ಸಮಾಧಾನದ ಸಾರ. ಇಷ್ಟು ಸ್ಪಷ್ಟವಾದ ವಿಚಾರ ನಮ್ಮಲ್ಲಿ ಹುಟ್ಟಿದ್ದರೂ ಆಯುರ್ವೇದದ ಎಂಟು ಅಂಗಗಳಲ್ಲಿ ಜನಪದಕ್ಕೆಂದು ಒಂದು ಅಂಗವು ಏರ್ಪಡಲಿಲ್ಲ. ಕಣ್ಣಿಗೆ, ಶಸ್ತ್ರಕ್ಕೆ, ಶಿಶುವಿಗೆ, ವಿಷಕ್ಕೆ ಒಂದೊಂದು ಅಂಗವಿದೆ, ಊರಿಗೆ ಇಲ್ಲ. ಅದು ವೈದ್ಯನ ಕೆಲಸವಲ್ಲ, ರಾಜನ ಕೆಲಸವೆಂದು ಪೂರ್ವಿಕರು ಎಣಿಸಿದ್ದರೆಂದು ತೋರುತ್ತದೆ. ಕೌಟಿಲ್ಯನು ವ್ಯಾಧಿಯನ್ನು ಬೆಂಕಿ, ಪ್ರವಾಹ, ಕ್ಷಾಮಗಳೊಡನೆ ದೈವಿಕ ಭಯಗಳ ಸಾಲಿನಲ್ಲಿಟ್ಟು, ಅದರ ಪ್ರತೀಕಾರವನ್ನು ರಾಜ್ಯದ ಹೊಣೆಯಾಗಿ ಹೇಳಿರುವುದೂ ಇದಕ್ಕೆ ಅನುಗುಣವಾಗಿದೆ.

ಹಾಗಾದರೆ ರಾಜ್ಯವು ಈ ಕೆಲಸವನ್ನು ತನ್ನ ಅಧಿಕಾರಿಗಳಲ್ಲಿ ಹೇಗೆ ಹಂಚತಕ್ಕದ್ದು? ರೋಗಕ್ಕೊಬ್ಬನಂತೆಯೆ, ಸೀಮೆಗೊಬ್ಬನಂತೆಯೆ, ಅಥವಾ ವಿದ್ಯೆಗೊಬ್ಬನಂತೆಯೆ? ಕೇಳುವುದಕ್ಕೆ ಇದು ಕಚೇರಿಯ ಗುಮಾಸ್ತರ ಪ್ರಶ್ನೆಯಂತಿದೆ. ಆದರೆ ನಮ್ಮ ದೇಶದಲ್ಲಿ ಈ ಹಂಚಿಕೆಯು ಸರಿಹೋದಾಗ ಒಂದು ವ್ಯಾಧಿಯೇ ನಿರ್ಮೂಲವಾಗಿದೆ, ತಪ್ಪಿದಾಗ ಲಕ್ಷಾಂತರ ಜನರು ಮತ್ತೆ ಹಾಸಿಗೆ ಹಿಡಿದಿದ್ದಾರೆ. ಇಂದು ದೆಹಲಿಯಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವೆಂದು ಕರೆಯಲ್ಪಡುವ ಸಂಸ್ಥೆಯ ಚರಿತ್ರೆಯನ್ನೂ ಅದರ ನೆರೆಹೊರೆಯ ಕಚೇರಿಗಳ ಚರಿತ್ರೆಯನ್ನೂ ನೋಡಿದರೆ ಇದು ಮನದಟ್ಟಾಗುವುದು.

ಆಂಗ್ಲರ ಆಳಿಕೆಯಲ್ಲಿ ಈ ಕಾರ್ಯವು ಪ್ರಜೆಗಳಿಗಾಗಿ ಆರಂಭವಾಗಲಿಲ್ಲ, ಸಿಪಾಯಿಗಳಿಗಾಗಿ ಆರಂಭವಾಯಿತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು ನೇಮಕವಾದ ರಾಯಲ್ ಕಮಿಷನ್ನು ೧೮೬೩ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಮರುವರ್ಷವೇ ಬಂಗಾಳ, ಮದ್ರಾಸು, ಬೊಂಬಾಯಿಗಳಲ್ಲಿ ನೈರ್ಮಲ್ಯದ ಕಮಿಷನ್ನುಗಳು ಏರ್ಪಟ್ಟುವು. ಆಸ್ಪತ್ರೆಯನ್ನು ನೋಡಿಕೊಳ್ಳುವ ಅಧಿಕಾರಿ ಒಬ್ಬ, ಚರಂಡಿಯನ್ನೂ ನೀರನ್ನೂ ನೋಡಿಕೊಳ್ಳುವ ಅಧಿಕಾರಿ ಮತ್ತೊಬ್ಬ ಎಂಬ ಮೊದಲನೆಯ ಗೆರೆ ಹೀಗೆ ಬಿತ್ತು. ಈ ಗೆರೆಯು ೧೯೪೭ರವರೆಗೂ ಅಳಿಯಲಿಲ್ಲ.

೧೮೯೬ರಲ್ಲಿ ಬೊಂಬಾಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಪ್ಲೇಗುಮಾರಿ ಬಂದಾಗ ಇವರಿಬ್ಬರಿಂದಲೂ ಆಗದ ಮೂರನೆಯ ಕೆಲಸವೊಂದು ಉಂಟೆಂದು ತಿಳಿದುಬಂತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಧಿಕಾರಿಗಳು ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸಿದರು. ಆದರೆ ಮಾರಿಯು ಯಾವ ವಾಹನವನ್ನೇರಿ ಮನೆಯಿಂದ ಮನೆಗೆ ಹೋಗುತ್ತದೆಂಬುದನ್ನು ಬಲ್ಲವರು ಯಾರು? ೧೯೦೫ರಿಂದ ಕೆಲಸಮಾಡಿದ ಸಂಶೋಧನಾ ಸಮಿತಿಯ ಪ್ರಯೋಗಗಳಿಂದ ಇಲಿಯ ಚಿಗಟವೇ ಆ ವಾಹನವೆಂಬುದು ಸ್ಥಿರಪಟ್ಟಿತು. ಚಿಕಿತ್ಸೆ, ನಿವಾರಣೆ ಎಂಬ ಎರಡರ ಪಕ್ಕದಲ್ಲಿ ಅನ್ವೇಷಣೆಯು ಅಂದಿನಿಂದ ಮೂರನೆಯದಾಗಿ ಬಂದು ನಿಂತಿತು.

ನಮ್ಮ ಸಂಸ್ಥೆಯು ಹುಟ್ಟಿದುದು ಈ ಮೂರನೆಯ ಕಾರ್ಯಕ್ಕಾಗಿ. ರೊನಾಲ್ಡ್ ರಾಸರು ೧೮೯೭ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಚಳಿಜ್ವರದ ಕ್ರಿಮಿಯನ್ನು ಕಂಡುದು ಸುಪ್ರಸಿದ್ಧ. ಅದಾದ ಹನ್ನೆರಡು ವರ್ಷಕ್ಕೆ, ೧೯೦೯ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಕೇಂದ್ರ ಮಲೇರಿಯಾ ಬ್ಯೂರೋ ಎಂಬ ಚಿಕ್ಕ ಕಚೇರಿಯೊಂದು ಸ್ಥಾಪಿತವಾಯಿತು. ಕ್ರಿಸ್ಟೋಫರ್ಸ್ ಎಂಬ ವಿದ್ವಾಂಸರು ಅದನ್ನು ಬಹುಕಾಲ ನಡೆಸಿದರು. ೧೯೨೭ರಲ್ಲಿ ಅದೇ ಬೆಳೆದು ಮಲೇರಿಯಾ ಸರ್ವೆ ಆಫ್ ಇಂಡಿಯಾ ಆಯಿತು. ಅದರ ಮೊದಲನೆಯ ನಿರ್ದೇಶಕರಾದ ಸಿಂಟನ್ನರು ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ಪಡೆದವರು. ಸೊಳ್ಳೆಯ ಮೇಲೆ ಯುದ್ಧ ಹೂಡಲು ಇಂಥವರೇ ಬೇಕಾಗಿತ್ತೇನೋ. ೧೯೩೮ರಲ್ಲಿ ಸಂಸ್ಥೆಯು ದೆಹಲಿಗಿಳಿದು ಮಲೇರಿಯಾ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಎಂಬ ಹೆಸರನ್ನು ಧರಿಸಿತು.

ಇಲ್ಲಿ ಕೆಲಸದ ಹಂಚಿಕೆಯು ವಿದ್ಯೆಯನ್ನನುಸರಿಸಿತ್ತು. ಸೊಳ್ಳೆಯ ಜಾತಿಗಳನ್ನೂ ಅವು ಮೊಟ್ಟೆಯಿಡುವ ನೀರನ್ನೂ ಬಲ್ಲವರು ಒಂದು ಕಡೆ. ರಕ್ತದ ತೊಟ್ಟಿನಲ್ಲಿ ಕ್ರಿಮಿಯನ್ನು ಗುರುತಿಸುವವರು ಒಂದು ಕಡೆ. ಊರ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮವು ಎಷ್ಟು ಮಂದಿಗೆ ಬೆಳೆದಿದೆಯೆಂದು ಲೆಕ್ಕವಿಡುವವರು ಇನ್ನೊಂದು ಕಡೆ. ಇವರು ತಿಳಿದು ಹೇಳುವವರು; ಮಾಡುವವರು ಪ್ರಾಂತಗಳವರು. ೧೯೧೯ರ ಶಾಸನದಿಂದ ಆರೋಗ್ಯವು ಪ್ರಾಂತೀಯ ಮಂತ್ರಿಗಳಿಗೆ ಸೇರಿದ ಮೇಲಂತೂ ಕೇಂದ್ರದ ಕೈಗೆ ಉಳಿದುದು ಉಪದೇಶ ಮಾತ್ರ. ನಮ್ಮ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ೧೯೨೦ರ ದಶಕದ ಕೊನೆಗೆ ಆರೋಗ್ಯದ ಇಲಾಖೆಯನ್ನು ಕಟ್ಟಿ, ಡಾಕ್ಟರ್ ಸ್ವೀಟ್ ಎಂಬವರ ನೇತೃತ್ವದಲ್ಲಿ ಮಲೇರಿಯಾ ಪರಿಶೀಲನೆಯನ್ನು ನಡೆಸಿದುದು ಈ ಕಾಲದಲ್ಲಿಯೇ.

೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯಿತ್ತ ಭೋರ್ ಸಮಿತಿಯು ಚಿಕಿತ್ಸೆ-ನಿವಾರಣೆಗಳ ನಡುವಣ ಹಳೆಯ ಗೆರೆಯನ್ನು ಅಳಿಸಬೇಕೆಂದು ಹೇಳಿತು. ೧೯೪೭ರಲ್ಲಿ ವೈದ್ಯಸೇವೆಯ ಡೈರೆಕ್ಟರ್ ಜನರಲ್ ಪದವಿಯನ್ನೂ ಸಾರ್ವಜನಿಕ ಆರೋಗ್ಯದ ಕಮಿಷನರ್ ಪದವಿಯನ್ನೂ ಕೂಡಿಸಿ ಆರೋಗ್ಯಸೇವೆಗಳ ಮಹಾನಿರ್ದೇಶಕರೆಂಬ ಒಂದೇ ಪದವಿಯನ್ನು ಮಾಡಲಾಯಿತು. ತಲೆಯಲ್ಲಿ ಎರಡು ಒಂದಾದುವು. ಆದರೆ ಕಾಲಿನಲ್ಲಿ, ಎಂದರೆ ಹಳ್ಳಿಯ ಮನೆಯ ಬಾಗಿಲಿನಲ್ಲಿ, ಒಂದಿದ್ದುದು ಐದಾಗುವ ಕಾಲವು ಅಂದಿನಿಂದಲೇ ಪ್ರಾರಂಭವಾಯಿತೆಂಬುದು ಆಶ್ಚರ್ಯ.

ಸ್ವಾತಂತ್ರ್ಯ ಬಂದ ವರ್ಷದಲ್ಲಿ ದೇಶದಲ್ಲಿ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನರು ಅದರಿಂದ ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಹೊರಟಿತು. ೧೯೫೮ರಲ್ಲಿ ನಿಯಂತ್ರಣವೆಂಬ ಮಾತು ಹೋಗಿ ನಿರ್ಮೂಲನವೆಂಬ ಮಾತು ಬಂತು. ಹತ್ತು ಲಕ್ಷ ಜನರಿಗೆ ಒಂದರಂತೆ ಘಟಕಗಳು. ಹತ್ತು ಸಾವಿರ ಜನರಿಗೆ ಒಬ್ಬ ಕಾರ್ಯಕರ್ತ. ಅವನು ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಜ್ವರ ಬಂದವರುಂಟೇ ಎಂದು ಕೇಳಿ, ಉಂಟಾದರೆ ಬೆರಳಿನಿಂದ ರಕ್ತ ತೆಗೆದು ಗಾಜಿನ ಮೇಲೆ ಬಳಿದುಕೊಂಡು ಹೋಗಬೇಕು. ನನ್ನ ಬಾಲ್ಯದಲ್ಲಿ ನಮ್ಮ ಊರ ಮನೆಗಳ ಗೋಡೆಯ ಮೇಲೆ ಬಾಗಿಲ ಪಕ್ಕದಲ್ಲಿ ಇವರು ಅಚ್ಚೊತ್ತಿದ ಚೌಕವಿರುತ್ತಿತ್ತು. ಬಂದ ದಿನ ತಾರೀಖು ಬರೆದು ಸಹಿ ಹಾಕಿಹೋಗುತ್ತಿದ್ದರು. ದೀಪಾವಳಿಗೆ ಸುಣ್ಣ ಬಳಿಯುವವರು ಆ ಚೌಕವನ್ನು ಬಿಟ್ಟು ಬಳಿಯುತ್ತಿದ್ದುದರಿಂದ ಅದು ವರ್ಷೇ ವರ್ಷೇ ಗೋಡೆಯಲ್ಲಿ ಆಳವಾಗಿ ಕಾಣುತ್ತಿತ್ತು. ೧೯೬೫ರ ಹೊತ್ತಿಗೆ ದೇಶದ ರೋಗಿಗಳ ಸಂಖ್ಯೆಯು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಏಳೂವರೆ ಕೋಟಿಯಿಂದ ಒಂದು ಲಕ್ಷಕ್ಕೆ! ರೋಗಕ್ಕೊಂದು ಪ್ರತ್ಯೇಕ ಸೇನೆಯನ್ನು ಕಟ್ಟಿದುದರ ಫಲವಿದು, ಇದನ್ನು ಅಲ್ಲಗಳೆಯುವಂತಿಲ್ಲ.

ಈ ಜಯವನ್ನು ಕಂಡೇ ಸರ್ಕಾರವು ಮಲೇರಿಯಾ ಇನ್‌ಸ್ಟಿಟ್ಯೂಟನ್ನು ೧೯೬೩ರ ಜುಲೈ ೩೦ರಂದು ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯನ್ನಾಗಿ ಮಾರ್ಪಡಿಸಿತು. ಒಂದು ರೋಗವು ಮುಗಿಯಿತೆಂಬ ಭರವಸೆಯಿಂದ ಮಿಕ್ಕ ರೋಗಗಳಿಗೆ ಮನೆಯನ್ನು ತೆರೆದಂತಾಯಿತು. ನಿರ್ಮೂಲನದ ಕಾರ್ಯಕ್ಕೆ ಮಾತ್ರ ಬೇರೆ ನಿರ್ದೇಶನಾಲಯ. ತಿಳಿಯುವವರೂ ಮಾಡಿಸುವವರೂ ದೆಹಲಿಯ ಶಾಮನಾಥ ಮಾರ್ಗದ ಒಂದೇ ಆವರಣದಲ್ಲಿ ಎರಡು ಫಲಕಗಳ ಕೆಳಗೆ ಕುಳಿತರು.

ಇದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ನಡೆದ ಒಂದು ಪರಿಶೀಲನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕ್ಷಯರೋಗಕ್ಕಾಗಿ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಮಲೇರಿಯಾದ ಮಾದರಿಯನ್ನೇ ಹಿಡಿದು, ಕ್ಷಯಕ್ಕೂ ಮನೆಮನೆಗೆ ಹೋಗುವ ಪ್ರತ್ಯೇಕ ಪಡೆಯನ್ನು ಕಟ್ಟಿಬಿಡುವುದು ಸುಲಭವಾಗಿತ್ತು. ಆದರೆ ಈ ಸಂಸ್ಥೆಯಲ್ಲಿ ವೈದ್ಯರು, ಕ್ರಿಮಿಶಾಸ್ತ್ರಜ್ಞರು, ಲೆಕ್ಕಿಗರು ಇವರೊಡನೆ ಸಮಾಜಶಾಸ್ತ್ರದವರಿಗೂ ಒಂದು ವಿಭಾಗವಿತ್ತು. ಡಾಕ್ಟರ್ ಬ್ಯಾನರ್ಜಿ, ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಿಂದ ರೋಗಿಗಳೆಂದು ತಿಳಿದುಬಂದವರ ಬಳಿಗೆ ಹೋಗಿ, ನಿಮಗೆ ಕೆಮ್ಮುಂಟೆ, ಅದರ ವಿಷಯ ಚಿಂತೆಯುಂಟೆ, ಏನು ಮಾಡಿದಿರಿ ಎಂದು ಕೇಳಿದರು. ಹಳ್ಳಿಯವರು ರೋಗವನ್ನು ಲಕ್ಷಿಸುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗದಿದ್ದರೆ ಬರುವುದಿಲ್ಲ ಎಂಬುದು ಪಟ್ಟಣದ ವಿದ್ಯಾವಂತರ ಸಾಮಾನ್ಯ ನಂಬಿಕೆ. ಕಂಡುಬಂದುದು ಇದಕ್ಕೆ ವಿರುದ್ಧ. ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳು ಗೊತ್ತಿದ್ದುವು. ಸುಮಾರು ಅರ್ಧದಷ್ಟು ಜನರು ಆಗಲೇ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ್ದರು. ಅಲ್ಲಿ ಅವರಿಗೆ ದೊರೆತುದು ಒಂದು ಸೀಸೆ ಕೆಮ್ಮಿನ ಔಷಧ. ಕಫವನ್ನು ನೋಡಬೇಕಾದ ಸೂಕ್ಷ್ಮದರ್ಶಕವು ಬೇರೊಂದು ಕಚೇರಿಯ ಪಾಲಿಗೆ ಸೇರಿದ್ದಿತು.

ಈ ಲೇಖನವು ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನವರು ಮಾಡಿದ ತೀರ್ಮಾನವು ಸರಳವಾದುದು: ರೋಗಿ ತಾನಾಗಿ ಎಲ್ಲಿಗೆ ಬರುತ್ತಾನೆಯೋ ಆ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಕಫಪರೀಕ್ಷೆಯೂ ಔಷಧವೂ ದೊರೆಯಬೇಕು, ಕ್ಷಯದ ತಜ್ಞರು ಜಿಲ್ಲಾಕೇಂದ್ರದಲ್ಲಿ ಕುಳಿತು ಕಲಿಸಬೇಕು, ನೋಡಿಕೊಳ್ಳಬೇಕು. ೧೯೬೨ರಿಂದ ನಡೆದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಈ ತಳಹದಿಯ ಮೇಲೆ ನಿಂತಿತು. ಕಾರ್ಯಕ್ರಮವು ಮುಂದೆ ಎಷ್ಟರ ಮಟ್ಟಿಗೆ ಕುಂಟಿತೆಂಬುದು ಬೇರೆ ಕಥೆ. ಆದರೆ ವಿಭಾಗವು ಎಲ್ಲಿ ನಿಲ್ಲಬೇಕೆಂಬುದನ್ನು ಊಹೆಯಿಂದಲ್ಲದೆ ಪ್ರಶ್ನೆಕೇಳಿ ನಿರ್ಣಯಿಸಿದ ಇಂಥ ದೃಷ್ಟಾಂತವು ನಮ್ಮಲ್ಲಿ ಅಪರೂಪ. ತುಮಕೂರಿನ ಆ ಅಜ್ಞಾತರಾದ ರೋಗಿಗಳಿಗೆ ದೇಶವು ಋಣಿಯಾಗಿದೆಯೆಂದೇ ನನ್ನ ಅಭಿಪ್ರಾಯ.

ಆದರೆ ದೆಹಲಿಯಲ್ಲಿ ಗಂಟು ಹಾಕುವುದೂ ಬಿಚ್ಚುವುದೂ ಹತ್ತು ವರ್ಷ ನಡೆಯಿತು. ೧೯೬೩ರಲ್ಲಿ ಚಡ್ಢಾ ಸಮಿತಿಯು ಮಲೇರಿಯಾ ಕಾರ್ಯಕರ್ತನೇ ಜನನಮರಣಗಳ ಲೆಕ್ಕವನ್ನೂ ಕುಟುಂಬಯೋಜನೆಯನ್ನೂ ನೋಡಲೆಂದಿತು. ಒಬ್ಬನಿಗೆ ಎಲ್ಲವೂ ಭಾರವಾಯಿತೆಂದು ಎರಡು ವರ್ಷಕ್ಕೇ ಮುಖರ್ಜಿ ಸಮಿತಿಯು ಕುಟುಂಬಯೋಜನೆಗೆ ಬೇರೆ ಸಿಬ್ಬಂದಿ ಬೇಕೆಂದಿತು. ಈ ನಡುವೆ ಹಳ್ಳಿಯ ಮನೆಗೆ ಜ್ವರ ಕೇಳುವವನು ಒಬ್ಬ, ದೇವಿ ಹಾಕುವವನು ಒಬ್ಬ, ಹೆರಿಗೆಯ ದಾದಿ ಒಬ್ಬಳು, ಕುಟುಂಬಯೋಜನೆಯವನು ಒಬ್ಬ ಹೀಗೆ ಬರುತ್ತಲೇ ಇದ್ದರು. ಮಗುವಿಗೆ ಭೇದಿಯಾಗಿದೆಯೆಂದರೆ ಅದು ತನಗೆ ಸೇರಿದ್ದಲ್ಲವೆಂದು ಹೇಳುವ ಅಧಿಕಾರವು ಮಾತ್ರ ಎಲ್ಲರಿಗೂ ಸಮಾನವಾಗಿತ್ತು. ಕೊನೆಗೆ ೧೯೭೩ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಇವರೆಲ್ಲರನ್ನೂ ಕೂಡಿಸಿ, ಮೂರರಿಂದ ಮೂರೂವರೆ ಸಾವಿರ ಜನರಿಗೆ ಒಂದು ಉಪಕೇಂದ್ರ, ಅದರಲ್ಲಿ ಬಹೂದ್ದೇಶದ ಕಾರ್ಯಕರ್ತನೊಬ್ಬ, ಕಾರ್ಯಕರ್ತೆಯೊಬ್ಬಳು ಎಂಬ ಏರ್ಪಾಟನ್ನು ಸೂಚಿಸಿತು.

ಕೂಡಿಸುವುದೇ ಸರಿಯೆಂದು ಇದರಿಂದ ಸಿದ್ಧವಾಗುವುದೆ? ಹಾಗೆ ಹೇಳಲು ನಾನು ಸಿದ್ಧನಿಲ್ಲ. ಸಿಡುಬನ್ನು ೧೯೭೫ರಲ್ಲಿ ಈ ದೇಶದಿಂದ ಓಡಿಸಿದುದು ಅದೊಂದನ್ನೇ ಹುಡುಕುತ್ತ ಮನೆಮನೆ ತಿರುಗಿದ ಜನರ ಏಕಾಗ್ರತೆ. ಇತ್ತ, ಗೆದ್ದೆವೆಂದುಕೊಂಡ ಮಲೇರಿಯಾವು ೧೯೭೬ರಲ್ಲಿ ಸುಮಾರು ಅರುವತ್ತನಾಲ್ಕು ಲಕ್ಷ ಜನರನ್ನು ಹಿಡಿಯಿತು. ಸೊಳ್ಳೆಗೆ ಡಿ.ಡಿ.ಟಿ. ನಾಟದಂತಾದುದು, ಔಷಧದ ಸರಬರಾಜು ತಡವಾದುದು, ಪಟ್ಟಣಗಳನ್ನು ಅಲಕ್ಷಿಸಿದುದು ಮುಂತಾದ ಕಾರಣಗಳು ಅನೇಕ. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ಸೇರಿದುದು. ಗೆದ್ದ ಸೀಮೆಗಳನ್ನು ನಿರ್ಮೂಲನದ ಪಡೆಯವರು ಸಾಮಾನ್ಯ ಆರೋಗ್ಯಸೇವೆಗೆ ಒಪ್ಪಿಸಿ ಹೊರಟಾಗ, ಒಪ್ಪಿಸಿಕೊಳ್ಳುವ ಸೇವೆಯು ಬಹು ಕಡೆಗಳಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ಒಡೆಯುವುದರಲ್ಲಿಯೂ ಕೂಡಿಸುವುದರಲ್ಲಿಯೂ ಇಲ್ಲದ ಅಪಾಯವು ಈ ಹಸ್ತಾಂತರದಲ್ಲಿ ಅಡಗಿತ್ತು. ಯಾರ ಕೈಯಿಂದಲೋ ಬಿಟ್ಟಿತು, ಯಾರ ಕೈಗೂ ಸೇರಲಿಲ್ಲ.

ನಾರುಹುಣ್ಣಿನ ಪ್ರಸಂಗದಲ್ಲಿ ಈ ತಪ್ಪು ನಡೆಯಲಿಲ್ಲ. ನಮ್ಮ ಉತ್ತರದ ಜಿಲ್ಲೆಗಳ ಹಿರಿಯರಿಗೆ ಈ ವ್ಯಾಧಿಯನ್ನು ಪರಿಚಯಮಾಡಿಕೊಡಬೇಕಾಗಿಲ್ಲ. ಮೆಟ್ಟಿಲು ಬಾವಿಗಿಳಿದು ಕಾಲದ್ದಿ ನೀರು ತರುವಲ್ಲಿ, ಹುಣ್ಣಿನಿಂದ ಹೊರಬಿದ್ದ ಮರಿಗಳು ನೀರಿನ ಸಣ್ಣ ಜಂತುವನ್ನು ಸೇರಿ, ಆ ನೀರನ್ನು ಕುಡಿದವರ ಮೈಯಲ್ಲಿ ವರ್ಷದೊಳಗೆ ಮೊಳಗಟ್ಟಲೆ ಹುಳುವಾಗಿ ಬೆಳೆಯುತ್ತಿದ್ದುವು. ೧೯೮೪ರಲ್ಲಿ ಕರ್ಣಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು ನಲವತ್ತು ಸಾವಿರ ರೋಗಿಗಳಿದ್ದರು. ಯೋಜನೆ, ತರಬೇತಿ, ತಪಾಸಣೆಗಳು ಮಾತ್ರ ದೆಹಲಿಯ ಸಂಸ್ಥೆಯವು; ರೋಗಿಯನ್ನು ಹುಡುಕಿ ಹುಣ್ಣಿಗೆ ಕಟ್ಟುಕಟ್ಟುವುದೂ, ಬಟ್ಟೆಯಲ್ಲಿ ನೀರು ಸೋಸಲು ಕಲಿಸುವುದೂ ಪ್ರಾಥಮಿಕ ಆರೋಗ್ಯಕೇಂದ್ರದವರದು; ಮೆಟ್ಟಿಲು ಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದೂ ಕೊಳವೆ ಬಾವಿ ತೋಡುವುದೂ ನೀರು ಸರಬರಾಜಿನ ಎಂಜಿನಿಯರರದು. ಪ್ರತ್ಯೇಕ ಪಡೆಯೊಂದನ್ನು ಕಟ್ಟಲಿಲ್ಲ. ಕೊನೆಯ ರೋಗಿಯು ೧೯೯೬ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. ೨೦೦೦ದಲ್ಲಿ ದೇಶಕ್ಕೆ ಮುಕ್ತಿಯ ಪ್ರಮಾಣಪತ್ರವು ದೊರೆಯಿತು.

೨೦೦೯ರ ಜುಲೈ ೩೦ರಂದು, ಎಂದರೆ ಬ್ಯೂರೋ ಹುಟ್ಟಿದ ನೂರನೆಯ ವರ್ಷದಲ್ಲಿ, ಸಂಸ್ಥೆಯು ಈಗಿನ ಹೆಸರನ್ನು ಪಡೆಯಿತು. ಒಳಗಿನ ವಿಭಾಗಗಳು ಈಗಲೂ ಬಹುಮಟ್ಟಿಗೆ ವಿದ್ಯೆಯನ್ನನುಸರಿಸಿವೆ: ರೋಗವು ಜನರಲ್ಲಿ ಹಬ್ಬುವ ಬಗೆಯನ್ನು ನೋಡುವುದೊಂದು, ಸೂಕ್ಷ್ಮಜೀವಿಗಳದೊಂದು, ಕೀಟಗಳದೊಂದು, ಪ್ರಾಣಿಗಳಿಂದ ಬರುವ ರೋಗಗಳದೊಂದು. ಹೊರಗಿನ ಶಾಖೆಗಳು ಸೀಮೆಯನ್ನನುಸರಿಸಿವೆ. ರಾಜಮಹೇಂದ್ರಿ, ಕೋಳಿಕೋಡು, ವಾರಾಣಸಿಗಳ ಶಾಖೆಗಳಿಗೆ ಆನೆಕಾಲು ರೋಗದ ಸಂಬಂಧ ಹಳೆಯದು. ಬೆಂಗಳೂರಿನ ಶಾಖೆಗೆ ಪ್ಲೇಗಿನ ಕಾವಲು, ಇಲಿ ಹಿಡಿದು ಚಿಗಟವೆಣಿಸುವ ಕಾರ್ಯ. ೧೮೯೮ರ ನೆನಪು ಊರವರಿಗೆ ಹೋದರೂ ಕಚೇರಿಗೆ ಹೋಗಿಲ್ಲ.

ಇವೆಲ್ಲಕ್ಕಿಂತ ಭಿನ್ನವಾದುದು ೨೦೦೪ರಲ್ಲಿ ಆರಂಭವಾಗಿ ಈ ಕೇಂದ್ರದಿಂದಲೇ ನಡೆಯುವ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ. ಯಜ್ಞದಲ್ಲಿ ಹೋತೃವು ಋಕ್ಕನ್ನು ಹೇಳುತ್ತಾನೆ, ಅಧ್ವರ್ಯು ಕರ್ಮವನ್ನು ಮಾಡುತ್ತಾನೆ, ಉದ್ಗಾತೃ ಹಾಡುತ್ತಾನೆ; ಬ್ರಹ್ಮನೆಂಬ ನಾಲ್ಕನೆಯವನು ಸುಮ್ಮನೆ ಕುಳಿತು ಎಲ್ಲವನ್ನೂ ನೋಡುತ್ತ, ಲೋಪವಾದಾಗ ಮಾತ್ರ ಬಾಯಿ ತೆರೆಯುತ್ತಾನೆ. ಈ ಕಾರ್ಯಕ್ರಮಕ್ಕೆ ತನ್ನದೆಂಬ ಒಂದು ರೋಗವಿಲ್ಲ; ಕುಳಿತು ನೋಡುವುದೇ ಅದರ ಕೆಲಸ. ಇದಕ್ಕಾಗಿ ಪ್ರತಿವಾರವೂ ಮೂರು ಬಗೆಯ ಕಾಗದಗಳು ಜಿಲ್ಲೆಗೆ ಬರುತ್ತಿದ್ದುವು. ಜ್ವರ, ಭೇದಿ ಎಂದು ಕಣ್ಣಿಗೆ ಕಂಡಷ್ಟನ್ನು ಬರೆಯುವ ಉಪಕೇಂದ್ರದ ಕಾಗದವೊಂದು; ಇದು ಇಂಥ ರೋಗವಿರಬೇಕೆಂದು ಊಹಿಸುವ ವೈದ್ಯನ ಕಾಗದವೊಂದು; ಇದು ಇಂಥದೇ ಎಂದು ಸ್ಥಿರಪಡಿಸುವ ಪ್ರಯೋಗಶಾಲೆಯ ಕಾಗದವೊಂದು. ತರ್ಕಶಾಸ್ತ್ರವನ್ನೋದಿದವರಿಗೆ ಸಂಶಯ, ಅನುಮಾನ, ನಿರ್ಣಯಗಳು ಇಲ್ಲಿ ಸರ್ಕಾರಿ ನಮೂನೆಗಳಾಗಿ ಬಂದುದು ವಿನೋದವಾಗಿ ತೋರಬಹುದು. ೨೦೨೧ರಿಂದ ಕಾಗದ ಹೋಗಿ ಗಣಕಯಂತ್ರ ಬಂದಿದೆ, ವಾರ ಹೋಗಿ ದಿನ ಬಂದಿದೆ. ವಿಭಾಗವು ಮಾತ್ರ ಅದೇ.

ಆದರೂ ಕೆಲವು ರೋಗಗಳು ಆರೋಗ್ಯದ ಇಲಾಖೆಯ ಬಾಗಿಲಿಗೆ ಮೊದಲು ಬರುವುದಿಲ್ಲ. ೧೯೫೭ರ ಮಾರ್ಚಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುವು; ಆಸುಪಾಸಿನ ಜನರಿಗೆ ಜ್ವರ ಬರುತ್ತಿತ್ತು. ಮಂಗವು ಕಾಡಿನ ಲೆಕ್ಕ, ಜ್ವರವು ಆಸ್ಪತ್ರೆಯ ಲೆಕ್ಕ. ಇವೆರಡನ್ನೂ ಒಂದೇ ಪುಟದಲ್ಲಿ ಬರೆದವರು ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು. ಆಫ್ರಿಕ, ಅಮೆರಿಕಗಳ ಹಳದಿಜ್ವರವು ಇಲ್ಲಿಗೂ ಬಂತೇ ಎಂಬ ಭೀತಿಯಿಂದ ಓಡಿಬಂದ ಅವರಿಗೆ, ಉಣುಗಿನಿಂದ ಹರಡುವ, ರಷ್ಯ ದೇಶದ ಒಂದು ರೋಗಕ್ಕೆ ಸಮೀಪವಾದ ಹೊಸ ವೈರಸ್ಸು ದೊರೆಯಿತು. ಮಲೆನಾಡಿನವರು ಅದಕ್ಕೆ ಮಂಗನ ಕಾಯಿಲೆಯೆಂದು ಹೆಸರಿಟ್ಟರು. ೨೦೧೯ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಪ್ರಾಣಗಳನ್ನು ತೆಗೆದುಕೊಂಡಿತು. ಕಾಡಿನಲ್ಲಿ ಒಂದು ಮಂಗ ಸತ್ತಿತೆಂದರೆ ಈಗ ನೋಡಿದವನು ತಿಳಿಸಬೇಕು. ಪಶುವೈದ್ಯನು ಕೊಯ್ದು ನೋಡಬೇಕು. ಅಂಗಾಂಶವು ಪ್ರಯೋಗಶಾಲೆಗೆ ಹೋಗಬೇಕು. ಬಿದ್ದ ಸ್ಥಳದ ಸುತ್ತ ಐವತ್ತು ಅಡಿ ಉಣುಗು ಕೊಲ್ಲುವ ಪುಡಿಯನ್ನೆರಚಬೇಕು. ಕಾಡಿಗೆ ಹೋಗುವವರ ಕೈಕಾಲಿಗೆ ತೈಲ ಹಂಚಬೇಕು. ಇಷ್ಟರಲ್ಲಿ ಇಲಾಖೆಗಳು ಮೂರು, ಸರ್ಕಾರಗಳು ಎರಡು. ಮೊದಲನೆಯ ಸುದ್ದಿಯನ್ನು ತರುವವನು ಮಾತ್ರ ಬಹುಶಃ ತರಗೆಲೆಗೋ ಸೌದೆಗೋ ಹೋಗಿದ್ದ ಒಬ್ಬ ಕೂಲಿಗಾರ.